ಮೂಟೆ ಮುಟ್ಟಿ ಊರು ಹೇಳುತ್ತಿದ್ದ ಕಂಟ್ರೋಲರ್

ಚಿಕ್ಕರಂಗಯ್ಯನವರು ಮನುಷ್ಯರ ಮುಖ ನೋಡುವ ಮೊದಲು ಅವರ ಮೂಟೆ ನೋಡುತ್ತಿದ್ದರು. ಮಧುಗಿರಿ ಬಸ್ ಸ್ಟಾಂಡಿನಲ್ಲಿ ವರ್ಷಾನುಗಟ್ಟಲೆ ಕಂಟ್ರೋಲರ್ ಆಗಿದ್ದವರು. ಬಸ್ಸು ಬಂದು ನಿಂತರೆ ಅವರ ಕತ್ತು ಮೊದಲು ಟಾಪಿನ ಕಡೆ ಏಳುತ್ತಿತ್ತು, ಆಮೇಲೆ ಡ್ರೈವರ್ ಕಡೆ ತಿರುಗುತ್ತಿತ್ತು. ಕೆಳಗಿಳಿಸಿದ ಮೂಟೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ ನೋಡಿ, “ಇದು ಕಡ್ಲೆಕಾಯಿ, ಪಾವಗಡದ್ದು. ಇದು ಹುಣಸೆ ಬೀಜ, ಸಿರಾ ಗಾಡಿಗೆ ಹಾಕ್ಲಾ ಇದನ್ನ” ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದರು. ನಿವೃತ್ತರಾದ ಮೇಲೂ ಕತ್ತಿನಲ್ಲಿ ಸೀಟಿ ತೂಗುತ್ತಿತ್ತು. ದಿನಾ ಬೆಳಿಗ್ಗೆ ಹೊಳವನಹಳ್ಳಿಯಿಂದ ಮೊದಲ ಗಾಡಿಗೆ ಬಂದು, ಸ್ಟಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಯಾವ ಊರಿನಿಂದ ಏನು ಬರುತ್ತಿದೆ, ಏನು ಬರುವುದು ನಿಂತಿದೆ ಎಂದು ನೋಡಿಕೊಂಡು ಹೋಗುತ್ತಿದ್ದರು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಅವರಿಗೆ ಒಂದು ಹೊಸ ತಮಾಷೆ ಸಿಕ್ಕಿತ್ತು. “ನೋಡಿ ಸೆಕ್ರೆಟ್ರಿ, ಈಗ ಆಯಮ್ಮಂಗೆ ಟಿಕೆಟ್ ಇಲ್ಲ, ಆಯಮ್ಮನ ಮೂಟೆಗೈತೆ. ಮೂಟೆನೇ ದೊಡ್ಡ ಮನುಸ ಆಗೋಯ್ತು.”

ಆ ಸೆಕ್ರೆಟ್ರಿ ನಾನು. ಬಸ್ ಸ್ಟಾಂಡಿನ ಎದುರು ನನ್ನದೊಂದು ಸಣ್ಣ ಪ್ರೆಸ್ಸಿದೆ. ಮದುವೆ ಪತ್ರಿಕೆ, ಬಿಲ್ ಪುಸ್ತಕ, ಈಗೀಗ ಫ್ಲೆಕ್ಸು. ಊರಿನ ಸೇವಾ ಕ್ಲಬ್ಬಿಗೆ ಎಷ್ಟೋ ವರ್ಷದಿಂದ ನಾನೇ ಕಾರ್ಯದರ್ಶಿ. ಅಧ್ಯಕ್ಷರು ವರ್ಷಕ್ಕೊಬ್ಬರು ಬದಲಾಗುತ್ತಾರೆ. ಕಾರ್ಯದರ್ಶಿಯನ್ನು ಯಾರೂ ಬದಲಾಯಿಸುವುದಿಲ್ಲ, ಏಕೆಂದರೆ ಆಹ್ವಾನ ಪತ್ರಿಕೆ, ಅಭಿನಂದನಾ ಪತ್ರ, ಸಭೆಯ ನಡಾವಳಿ ಎಲ್ಲ ಅವನ ಪ್ರೆಸ್ಸಿನಲ್ಲೇ ಮುಗಿದುಹೋಗುತ್ತದೆ. ಪ್ರತಿ ಮಂಗಳವಾರ ಸಂಜೆ ಅದೇ ಸಭಾಂಗಣ, ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ ಸ್ವಾಗತ, ಅದೇ ವಂದನಾರ್ಪಣೆ. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೆ ನನಗೆ ಸೇವೆ ಮಾಡಿ ಮಾಡಿ ಸಾಕಾಗಿತ್ತು. ನಡಾವಳಿಯಲ್ಲಿ “ಅತಿಥಿಗಳು ತಮ್ಮ ಅಮೂಲ್ಯ ಅನುಭವಗಳನ್ನು ಹಂಚಿಕೊಂಡರು” ಎಂಬ ಸಾಲು ಕಂಪ್ಯೂಟರಿನಲ್ಲಿ ಯಾವಾಗಲೂ ಸಿದ್ಧವಾಗಿರುತ್ತಿತ್ತು. ಹೆಸರು, ತಾರೀಕು ಬದಲಾಯಿಸಿದರೆ ಆ ವಾರದ ಕೆಲಸ ಮುಗಿಯುತ್ತಿತ್ತು.

ಚಿಕ್ಕರಂಗಯ್ಯನವರು ಕ್ಲಬ್ಬಿಗೆ ಸೇರಿದ್ದು ಸದಸ್ಯರ ಸಂಖ್ಯೆ ಕಡಿಮೆ ಬಿದ್ದ ಒಂದು ವರ್ಷ. ಡಾಕ್ಟರು, ಮಿಲ್ಲಿನವರು, ಕಂಟ್ರಾಕ್ಟರುಗಳ ನಡುವೆ ಖಾಕಿ ಅಂಗಿಯ ಈ ಮನುಷ್ಯ ಕೊನೆಯ ಸಾಲಿನಲ್ಲಿ ಕೂರುತ್ತಿದ್ದರು. ಆ ಸಲ ಮೇಲಿನಿಂದ ಒಂದು ಸುತ್ತೋಲೆ ಬಂತು. ಕ್ಲಬ್ಬುಗಳು ಬರೀ ದಾನ ಮಾಡಿದರೆ ಸಾಲದು, ಸುತ್ತಮುತ್ತಲ ಜನ ತಾವೇ ಕಟ್ಟಿಕೊಂಡ ಉದ್ಯಮ, ಸಂಘಗಳ ಬಗ್ಗೆ ತಿಳಿದುಕೊಳ್ಳಬೇಕು ಎಂದಿತ್ತು ಅದರಲ್ಲಿ. ಯಾರು ಹುಡುಕಿ ತರುತ್ತಾರೆ ಎಂದು ಅಧ್ಯಕ್ಷರು ಕೇಳಿದಾಗ ಎಲ್ಲರೂ ಮೊಬೈಲ್ ನೋಡತೊಡಗಿದರು. ಹಿಂದಿನ ಸಾಲಿನಿಂದ ದನಿ ಬಂತು: “ಹುಡ್ಕೋದೇನ್ ಸಾರ್, ಎಲ್ರೂ ನನ್ ಸ್ಟಾಂಡ್‌ಗೇ ಬರ್ತಾರಲ್ಲ. ನಾನ್ ಕರ್ಕೊಂಡ್ ಬತ್ತೀನಿ.”

ಅವರು ಕರೆತಂದವರೆಲ್ಲ ಮೂಟೆಯ ಜಾಡು ಹಿಡಿದು ಸಿಕ್ಕವರೇ. ಗೊರವನಹಳ್ಳಿಯ ಗುಡಿಯಿಂದ ಬಾಡಿದ ಹೂವಿನ ಚೀಲ ತರುತ್ತಿದ್ದ ಅಕ್ಕತಂಗಿಯರನ್ನು ಎರಡು ವಾರ ಗಮನಿಸಿ, ಕೊನೆಗೆ “ಬಾಡಿದ ಹೂವ ಯಾರ್ ಮುಡ್ಕೊತಾರಮ್ಮ?” ಎಂದು ಕೇಳಿ, ಅದನ್ನು ಒಣಗಿಸಿ ಪುಡಿಮಾಡಿ ಊದುಬತ್ತಿಗೆ ಹಾಕುವವರೆಂದು ತಿಳಿದು ಕರೆತಂದರು. ಅವರ ಪದ್ಧತಿ ಗಟ್ಟಿಯಾಗಿತ್ತು. ಅತಿಥಿಗೆ ಶಾಲು, ಹಾರ ಇಲ್ಲ. ಅತಿಥಿ ನಿಂತು ಭಾಷಣ ಮಾಡುವುದಿಲ್ಲ, ಕೂತು ಮಾತಾಡುತ್ತಾರೆ. ಮೊದಲು ಮಾತು, ಆಮೇಲೆ ಟೀ. ಪರಿಚಯ ಮಾಡಿಕೊಡಲು ಎದ್ದು ನಿಂತರೆ ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದರು. “ಇವ್ರು ಇಂಥ ಊರೋರು. ಇಂಥ ಗಾಡಿಗೆ ವಾಪಸ್ ಹೋಗ್ಬೇಕು. ಮಿಕ್ಕಿದ್ದು ಅವರ್ ಬಾಯಲ್ಲೇ ಕೇಳಿ.” ಅಷ್ಟು ಹೇಳಿ, ಗೋಡೆ ಗಡಿಯಾರ ಕಾಣುವ ಕುರ್ಚಿ ಹಿಡಿದು ಕೂತುಬಿಡುತ್ತಿದ್ದರು. ಗಾಡಿಯ ಹೊತ್ತಿಗೆ ಹತ್ತು ನಿಮಿಷ ಇದೆ ಎನ್ನುವಾಗ ಅವರ ಕೈ ತಾನಾಗಿ ಸೀಟಿಗೆ ಹೋಗುತ್ತಿತ್ತು.

ಒಮ್ಮೆ ಸಿರಾದ ತಾವರೆಕೆರೆ ಕಡೆಯಿಂದ ಕಂಬಳಿ ನೇಯುವ ಕರಿಯಣ್ಣ ಎಂಬುವವರನ್ನು ಕರೆತಂದಿದ್ದರು. ಅವರು ಕಂಬಳಿ ಬಿಚ್ಚಿ ಹರಡುತ್ತಲೇ ನಮ್ಮ ಡಾಕ್ಟರು ಮೂಗು ಮುಚ್ಚಿಕೊಂಡು, “ಇದೇನ್ರೀ ವಾಸನೆ?” ಎಂದರು. “ಗಂಜಿ ಸಾರ್. ಹುಣಸೆ ಬೀಜದ್ದು. ನೂಲಿಗೆ ಅದು ಬಳೀದಿದ್ರೆ ನೇಯಕ್ಕೇ ಆಗಲ್ಲ” ಎಂದರು ಕರಿಯಣ್ಣ. ಯಾವತ್ತೂ ನಡುವೆ ಬಾಯಿ ಹಾಕದ ಚಿಕ್ಕರಂಗಯ್ಯನವರು ಅವತ್ತು ತಡೆಯಲಾರದೆ, “ಬೀಜ ಎಲ್ಲೀದಣ್ಣ, ಅದ್ನೂ ಹೇಳು” ಎಂದರು. “ಪಾವಗಡದ ಕಡೇದು. ಹೆಂಗಸ್ರು ಹಣ್ಣು ಬುಡಿಸಿ ಬೀಜ ಕಳಿಸ್ತಾರೆ, ಬಸ್ಸಲ್ಲಿ ಬತ್ತೈತೆ.” ಚಿಕ್ಕರಂಗಯ್ಯನವರು ನಮ್ಮೆಲ್ಲರ ಮುಖವನ್ನು ಒಂದು ಸುತ್ತು ನೋಡಿದರು, ತಾವೇ ಕಂಬಳಿ ನೇಯ್ದವರ ಹಾಗೆ. ಎಷ್ಟೋ ವರ್ಷಗಳಲ್ಲಿ ನಡಾವಳಿಗೆ ನಾನು ಹೊಸದಾಗಿ ಒಂದು ಸಾಲು ಬರೆದದ್ದು ಅವತ್ತು.

ಆ ಬೀಜ ಕಳಿಸುವ ಹೆಂಗಸರ ಮುಖ್ಯಸ್ಥೆ ನರಸಕ್ಕ. ಪಾವಗಡದ ದಾರಿಯ ಒಂದು ಕ್ರಾಸಿನಲ್ಲಿ ಹನ್ನೊಂದು ಜನ ಸೇರಿಕೊಂಡು, ವ್ಯಾಪಾರಿಯ ಗೋಡೌನಿಗೆ ಕೂಲಿ ಹೋಗುವುದನ್ನು ಬಿಟ್ಟು, ಮರಗಳನ್ನು ತಾವೇ ಗುತ್ತಿಗೆ ಹಿಡಿದು, ಹಣ್ಣು ಬಡಿದು ಬೀಜ, ನಾರು ತೆಗೆದು ಮಂಡಿಗೆ ಕಳಿಸುತ್ತಿದ್ದರು. ಕೆಲಸ ಮಾಡುತ್ತಿದ್ದುದು ನಮ್ಮ ಕ್ಲಬ್ಬೇ ಕಟ್ಟಿಸಿಕೊಟ್ಟ ಬಸ್ ತಂಗುದಾಣದಲ್ಲಿ.

ಆ ತಂಗುದಾಣದ ಕತೆ ಹೇಳಲು ನಾಚಿಕೆಯಾಗುತ್ತದೆ. ಕೆಲವು ವರ್ಷಗಳ ಹಿಂದೆ, ರಸ್ತೆಯಿಂದ ಬೋರ್ಡು ಚೆನ್ನಾಗಿ ಕಾಣುವ ಜಾಗ ನೋಡಿ ಅದನ್ನು ಕಟ್ಟಿದ್ದೆವು. ಬಸ್ಸು ಮಾತ್ರ ಎರಡು ಫರ್ಲಾಂಗ್ ಆಚೆಗಿನ ಬೇವಿನ ಮರದ ಕೆಳಗೆ ನಿಲ್ಲುತ್ತಿತ್ತು. ಚಿಕ್ಕರಂಗಯ್ಯನವರನ್ನು ಆಗ ಯಾರೂ ಕೇಳಿರಲಿಲ್ಲ. “ಬಸ್ ನಿಲ್ಲೋ ಜಾಗ ಡ್ರೈವರ್ ಕಾಲಿಗೆ ಗೊತ್ತಿರ್ತದೆ ಸೆಕ್ರೆಟ್ರಿ, ನಿಮ್ ಬೋರ್ಡಿಗಲ್ಲ” ಎಂದು ಆಮೇಲೆ ನಗುತ್ತಿದ್ದರು. ಯಾರೂ ಬಸ್ಸಿಗೆ ಕಾಯದ ಆ ತಂಗುದಾಣ ಹೆಂಗಸರಿಗೆ ಒದಗಿತ್ತು. ಮೇಲೆ ಸೂರು, ಕೆಳಗೆ ನುಣುಪಾದ ಸಿಮೆಂಟು ನೆಲ. ಹಣ್ಣಿಗೆ ಮಣ್ಣು ಹತ್ತಿದರೆ ಮಂಡಿಯಲ್ಲಿ ಅದನ್ನು ಮುಟ್ಟುವವರಿಲ್ಲ. ಬಯಲಲ್ಲಿ ಬಡಿದರೆ ಮಣ್ಣು ಹತ್ತದೆ ಇರುವುದಿಲ್ಲ.

ಆ ವರ್ಷ ಮಾರ್ಚಿನ ಕೊನೆಗೆ ಕ್ಲಬ್ಬಿನ ಮೇಲಿನವರು ನಮ್ಮ ಕಾಮಗಾರಿಗಳನ್ನು ನೋಡಲು ಬರುವವರಿದ್ದರು. ಅದಕ್ಕೆ ಕೆಲವು ವಾರ ಮುಂಚೆ ನೋಡಿಬಂದ ಅಧ್ಯಕ್ಷರಿಗೆ ತಂಗುದಾಣದ ತುಂಬ ಹುಣಸೆ ನಾರು, ಮೂಟೆ ಕಂಡವು. ಅವರು ಸಿಮೆಂಟು, ಕಬ್ಬಿಣದ ವ್ಯಾಪಾರಿ, ಕೆಟ್ಟವರಲ್ಲ. ಸಾರ್ವಜನಿಕರ ಸ್ವತ್ತು ದುರುಪಯೋಗ ಆಗುತ್ತಿದೆ ಎಂದು ನಿಜವಾಗಿಯೂ ನೊಂದುಕೊಂಡರು. ಬಣ್ಣ ಹೊಡೆಸಿ, ಗ್ರಿಲ್ ಬಾಗಿಲು ಹಾಕಿಸಿ, ಬೀಗ ಜಡಿಯುವುದೆಂದು ತೀರ್ಮಾನವಾಯಿತು. ಬಸ್ ತಂಗುದಾಣಕ್ಕೆ ಬೀಗ ಹಾಕಿದ ಕ್ಲಬ್ಬು ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ನಮ್ಮದೊಂದೇ ಇರಬೇಕು. ಆ ತೀರ್ಮಾನವನ್ನು ಬರೆದವನು ನಾನೇ. ಚಿಕ್ಕರಂಗಯ್ಯನವರು ಸಭೆಯಲ್ಲಿ ಏನೂ ಮಾತಾಡಲಿಲ್ಲ. ಹೊರಗೆ ಬಂದಾಗ ನನ್ನನ್ನು ನಿಲ್ಲಿಸಿ, “ಮುಂದಿನ್ ಮಂಗಳವಾರ ಆಯಮ್ಮನ್ನೇ ಕರ್ಕೊಂಡ್ ಬತ್ತೀನಿ. ನಾನ್ ಹೇಳಿದ್ರೆ ಕಂಟ್ರೋಲರ್ ಹೇಳ್ದ ಅಂತ ಆಯ್ತದೆ. ಆಯಮ್ಮನ ಬಾಯಲ್ಲಿ ಕೇಳಿದ್ರೆ ಯಾರ್ಗೂ ಇಲ್ಲ ಅನ್ನಕ್ಕಾಗಲ್ಲ” ಎಂದರು.

ಮುಂದಿನ ಮಂಗಳವಾರ ಮಹಿಳಾ ದಿನದ ವಾರದಲ್ಲಿ ಬಿದ್ದಿತ್ತು. ಅತಿಥಿ ಹೆಂಗಸು ಎಂದು ತಿಳಿದದ್ದೇ ತಡ, ಅಧ್ಯಕ್ಷರು ಉತ್ಸಾಹಗೊಂಡು ಸನ್ಮಾನ ಮಾಡಲೇಬೇಕೆಂದರು. ಚಿಕ್ಕರಂಗಯ್ಯನವರು “ಬ್ಯಾಡಿ ಸಾರ್, ಮಾತಾಡ್ಲಿ ಸಾಕು” ಎಂದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಭಿನಂದನಾ ಪತ್ರ ಬರೆದದ್ದೂ ನಾನೇ. ಸ್ವಾವಲಂಬನೆಯ ದಾರಿದೀಪ, ಗ್ರಾಮೀಣ ಮಹಿಳೆಯರ ಕಣ್ಮಣಿ ಎಂದೆಲ್ಲ ಒಂದು ಪುಟ. ನರಸಕ್ಕ ಹಸಿರು ಸೀರೆ ಉಟ್ಟು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ವೇದಿಕೆಯ ಮೇಲೆ ಕೂತಿದ್ದರು. ಬೆರಳುಗಳು ಹುಣಸೆ ಹುಳಿಗೆ ಕಪ್ಪಗಾಗಿದ್ದವು. ಚಿಕ್ಕರಂಗಯ್ಯನವರು ಎದ್ದು, “ಇವ್ರು ನರಸಕ್ಕ, ಪಾವಗಡದ ದಾರಿಯೋರು. ಆರೂ ಮುಕ್ಕಾಲಿನ ಗಾಡಿಗೆ ಹೋಗ್ಬೇಕು. ಮಿಕ್ಕಿದ್ದು ಅವರ್ ಬಾಯಲ್ಲೇ ಕೇಳಿ” ಎಂದು ಕೂತರು.

ಪ್ರಾರ್ಥನೆ ಆಯಿತು. ಸ್ವಾಗತ ಆಯಿತು. ಮಹಿಳೆಯ ಮಹತ್ವದ ಬಗ್ಗೆ ಮೂವರು ಗಂಡಸರು ಮಾತಾಡಿದರು. ಪೇಟ ತೊಡಿಸಿದರು, ಅದು ಸಡಿಲವಾಗಿ ಕಣ್ಣಿನ ಮೇಲೆ ಜಾರಿತು. ಹಾರ ಹಾಕಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಫೋಟೋದವನು ಬಲ್ಬು ಸರಿಯಿಲ್ಲವೆಂದು ಇನ್ನೊಂದು ಸಲ ಶಾಲು ಹೊದಿಸಲು ಹೇಳಿದ. ನನ್ನ ಪತ್ರವನ್ನು ನಾನೇ ಓದಿದೆ. ಚಿಕ್ಕರಂಗಯ್ಯನವರು ಗಡಿಯಾರ ನೋಡುತ್ತ ಕುರ್ಚಿಯ ತುದಿಗೆ ಸರಿದಿದ್ದರು. ನರಸಕ್ಕ ನನ್ನ ಕಡೆ ಬಾಗಿ ಮೆಲ್ಲಗೆ, ತೆಲುಗು ಬೆರೆಸಿ, “ಸಾಮಿ, ಒಕ ಮಾಟ… ಒಂದ್ ಮಾತ್ ಹೇಳ್ಬೇಕಿತ್ತು” ಎಂದರು. “ಹೇಳುವಿರಂತೆ, ಈಗ ಮೈಕು ಕೊಡ್ತಾರೆ” ಎಂದೆ. ಅಷ್ಟರಲ್ಲಿ ಅಧ್ಯಕ್ಷರು ಮೈಕು ಹಿಡಿದು ಅಧ್ಯಕ್ಷ ಭಾಷಣ ಶುರುಮಾಡಿದರು. ಆರೂ ಮೂವತ್ತೈದಕ್ಕೆ ಚಿಕ್ಕರಂಗಯ್ಯನವರು ಎದ್ದು ನಿಂತು ಸೀಟಿ ಊದಿಬಿಟ್ಟರು. ಸಭೆಯೆಲ್ಲ ಬೆಚ್ಚಿತು. “ಗಾಡಿ ಐತಮ್ಮ, ಏಳಮ್ಮ” ಎಂದರು. ಅದು ಆ ಕಡೆಗೆ ಕೊನೆಯ ಬಸ್ಸು. ನರಸಕ್ಕ ಪೇಟ, ಹಾರದ ಸಮೇತ ಓಡಿದರು. ಹಿಂದೆ ಹಣ್ಣಿನ ಬುಟ್ಟಿ ಹಿಡಿದು ಚಿಕ್ಕರಂಗಯ್ಯನವರು ಓಡಿದರು. ಸಭೆ ಚಪ್ಪಾಳೆ ತಟ್ಟಿತು.

ಆ ವಾರವೇ ಗ್ರಿಲ್ ಕೂತಿತು, ಬೀಗ ಬಿತ್ತು. ಮುಂದಿನ ಸಭೆಯಲ್ಲಿ ನಾನು ನಡಾವಳಿ ಓದುವಾಗ “ಅತಿಥಿಗಳು ತಮ್ಮ ಅಮೂಲ್ಯ ಅನುಭವಗಳನ್ನು” ಎಂಬಲ್ಲಿಗೆ ಬರುತ್ತಲೇ ಚಿಕ್ಕರಂಗಯ್ಯನವರು ಎದ್ದರು. “ಆಯಮ್ಮ ಮಾತಾಡ್ಲಿಲ್ಲ ಸೆಕ್ರೆಟ್ರಿ. ಮಾತಾಡ್ಲಿಲ್ಲ ಅಂತ ಬರೀರಿ.” ಆಮೇಲೆ, ತಮ್ಮ ಪದ್ಧತಿಯನ್ನು ಮುರಿದು, ಆ ಹೆಂಗಸರಿಗೆ ತಂಗುದಾಣ ಯಾಕೆ ಬೇಕು ಎಂಬುದನ್ನು ತಾವೇ ಹೇಳಿದರು. ಚೆನ್ನಾಗಿ ಹೇಳಲಿಲ್ಲ. ತಡವರಿಸಿದರು. ಅಧ್ಯಕ್ಷರು ಗೌರವದಿಂದಲೇ ಕೇಳಿ, “ಬೋರ್ಡ್ ಮೀಟಿಂಗಿನಲ್ಲಿ ಇಟ್ಟು ನೋಡೋಣ” ಎಂದರು. ನಡಾವಳಿಯ ಸಾಲನ್ನು ನಾನು ತಿದ್ದಲಿಲ್ಲ.

ಬೀಗದ ಕೀಯನ್ನು ಕಾರ್ಯದರ್ಶಿಯ ವಶಕ್ಕೆ ಕೊಟ್ಟಿದ್ದರು. ಪ್ರೆಸ್ಸಿನಲ್ಲಿ, ನನ್ನ ಮೇಜಿನ ಹಿಂದಿನ ಮೊಳೆಗೆ ನೇತುಹಾಕಿದ್ದೆ. ಚಿಕ್ಕರಂಗಯ್ಯನವರು ದಿನ ಬಿಟ್ಟು ದಿನ ಬರತೊಡಗಿದರು. ಸ್ಟೂಲಿನ ಮೇಲೆ ಕೂತು, ಟೀ ಕುಡಿದು, ಮೊಳೆಯ ಕಡೆ ನೋಡಿ, “ಬೋರ್ಡು ಕೂತಿತಾ?” ಎನ್ನುವರು. ಕೋರಂ ಇರಲಿಲ್ಲ ಎಂದೋ, ಅಧ್ಯಕ್ಷರು ಊರಲ್ಲಿಲ್ಲ ಎಂದೋ ನಾನು ಏನಾದರೂ ಹೇಳುವೆ. “ಆಯಮ್ಮಂದ್ರು ಬಿಸಿಲಲ್ಲಿ ಕೂತವ್ರೆ ಕಣ್ರಿ. ಹಣ್ಣಿಗೆಲ್ಲ ಮಣ್ಣು. ಮಂಡಿಯೋರು ವಾಪಸ್ ಕಳಿಸ್ತಾವ್ರೆ. ಇಂಗೇ ಆದ್ರೆ ತಿರ್ಗಾ ಗೋಡೌನಿಗೇ ಕೂಲಿ ಹೋಗ್ತಾರೆ” ಎನ್ನುವರು. ಒಮ್ಮೆ ಮಾತ್ರ, “ತಪ್ಪು ನಂದೇ. ಅವತ್ತೇ ನಾನ್ ಎದ್ದು ಹೇಳ್ಬುಡ್ಬೇಕಿತ್ತು. ಅವರ್ ಬಾಯಲ್ಲೇ ಕೇಳ್ಲಿ ಅಂತ ಕೂತ್ಬುಟ್ಟೆ” ಎಂದರು.

ಕೀ ತೆಗೆದು ಕೊಡುವುದು ಒಂದು ನಿಮಿಷದ ಕೆಲಸ. ನಾನು ಯಾಕೆ ಕೊಡಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಧ್ಯಕ್ಷರ ಅಂಗಡಿಯ ಬಿಲ್ ಪುಸ್ತಕಗಳೆಲ್ಲ ನನ್ನ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದ್ದವು ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು ದಣಿವು. ಕೊಟ್ಟರೆ ಯಾರೋ ಕೇಳುತ್ತಾರೆ, ಉತ್ತರ ಹೇಳಬೇಕು, ಪತ್ರ ಬರೆಯಬೇಕು, ಇನ್ನೊಂದು ಸಭೆ ಕರೆಯಬೇಕು. ಅದೆಲ್ಲ ನೆನೆದು ಮೊಳೆಗೆ ಬೆನ್ನು ಹಾಕಿ ಕೂರುತ್ತಿದ್ದೆ.

ಏಪ್ರಿಲ್ ಮುಗಿಯುವ ಮುಂಚೆ ಒಂದು ಮಧ್ಯಾಹ್ನ ಚಿಕ್ಕರಂಗಯ್ಯನವರು ಬಂದರು. ಬಲಗೈ ಅಂಗೈಗೆ ಬಟ್ಟೆ ಸುತ್ತಿತ್ತು. ಏನಾಯಿತು ಎಂದರೆ, “ಏನಿಲ್ಲ, ಗುಳ್ಳೆ ಎದ್ದೈತೆ” ಎಂದರು. ಟೀ ಕುಡಿದರು. ಅವತ್ತು ಮೊಳೆಯ ಕಡೆ ನೋಡಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, “ಸೆಕ್ರೆಟ್ರಿ, ಇನ್ ಆ ಕೀ ಬ್ಯಾಡ ಬುಡಿ. ನಿಮ್ಗೂ ಸಾಕಾಗೈತೆ” ಎಂದರು. ಬೇಸರದ ದನಿಯಲ್ಲ, ಸಮಾಧಾನ ಮಾಡುವ ದನಿ. ಹೆಂಗಸರು ಗೋಡೌನಿಗೆ ಹೊರಟುಹೋದರೇನೋ ಅಂದುಕೊಂಡೆ. ಸುಳ್ಳು ಹೇಳುವುದಿಲ್ಲ, ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು. ಅದೇ ನಾವು ಮಾತಾಡಿದ ಕೊನೆಯ ದಿನ. ಮಳೆ ಶುರುವಾಗುವ ಹೊತ್ತಿಗೆ ಜ್ವರ ಬಂದು ಮಲಗಿದವರು ಏಳಲಿಲ್ಲ. ಕ್ಲಬ್ಬಿನಲ್ಲಿ ಎರಡು ನಿಮಿಷ ಮೌನ ಆಚರಿಸಿದೆವು. ಶ್ರದ್ಧಾಂಜಲಿಯ ಫ್ಲೆಕ್ಸು ನನ್ನ ಪ್ರೆಸ್ಸಿನಲ್ಲೇ ಆಯಿತು. ಆಮೇಲೆ ಮಂಗಳವಾರಗಳಿಗೆ ಮೂಟೆಯ ಜನ ಯಾರೂ ಬರಲಿಲ್ಲ.

ಮುಂದಿನ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆಗೆಯುವಾಗ ಎದುರು ನಿಂತ ಬಸ್ಸಿನ ಟಾಪಿನಲ್ಲಿ ಹೊಸ ಹುಣಸೆಯ ಮೂಟೆಗಳು ಕಂಡವು. ಬೆಂಚು ಖಾಲಿ ಇತ್ತು. ಆ ಮೂಟೆ ಯಾವ ಊರಿನದು ಎಂದು ಹೇಳುವವರು ಯಾರೂ ಇರಲಿಲ್ಲ. ಯಾರನ್ನೂ ಕೇಳದೆ ಮೊಳೆಯಿಂದ ಕೀ ತೆಗೆದು ಜೇಬಿಗೆ ಹಾಕಿಕೊಂಡು ಪಾವಗಡದ ಗಾಡಿ ಹತ್ತಿದೆ. ಆ ಹೆಂಗಸರು ಎಲ್ಲೇ ಇರಲಿ, ಹುಡುಕಿ ಕೀ ಕೊಟ್ಟು, ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಿ ಬರುವುದೆಂದು ಗಟ್ಟಿಮಾಡಿಕೊಂಡೆ.

ಕ್ರಾಸಿನ ಹೆಸರು ಹೇಳಿ, ಬೇವಿನ ಮರದ ಹತ್ತಿರ ಇಳಿಸಿ ಎಂದೆ. ಕಂಡಕ್ಟರು, “ಈಗಲ್ಲಿ ನಿಲ್ಸಲ್ಲ ಸಾರ್, ಶೆಲ್ಟರ್ ಹತ್ರಾನೇ. ಕಂಟ್ರೋಲರ್ ಸ್ಟಾಪು ಅದು. ಆಯಪ್ಪ ಹೋದ್ ವರ್ಷ ಒಬ್ಬೊಬ್ಬ ಡ್ರೈವರ್‌ಗೂ ಹೇಳಿ ಹೇಳಿ ನಿಲ್ಸೋಥರ ಮಾಡ್ಬುಟ್ರು” ಎಂದ.

ಇಳಿದು ನೋಡಿದರೆ ಗ್ರಿಲ್ ಬಾಗಿಲು ಹಾರುಹೊಡೆದಿತ್ತು. ಒಳಗೆ ಹೆಂಗಸರು ಸಾಲಾಗಿ ಕೂತು ಹಣ್ಣು ಬಡಿಯುತ್ತಿದ್ದರು. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಮುದುಕ ಸುಮ್ಮನೆ ಕೂರಲಾರದೆ ತಾನೂ ಬೀಜ ಬಿಡಿಸುತ್ತಿದ್ದ. ಬಾಗಿಲಿನ ಚಿಲಕದ ಕೊಂಡಿಯ ಮೇಲೆ ಗರಗಸದಿಂದ ಕೊಯ್ದ ಗೀರುಗಳಿದ್ದವು, ಒಂದೆರಡಲ್ಲ, ಕೈ ತಪ್ಪಿ ತಪ್ಪಿ ಎಳೆದ ಹತ್ತಾರು ಗೀರು. ಅಂಗೈಯ ಬಟ್ಟೆ ನೆನಪಾಯಿತು.

ನರಸಕ್ಕ ನನ್ನನ್ನು ಗುರುತಿಸಿ ದಡಬಡಿಸಿ ಎದ್ದರು. “ರಾಂಡಿ ಸಾಮಿ, ಬನ್ನಿ ಬನ್ನಿ! ಲೇ, ಸೆಕ್ರೆಟ್ರಿ ಸಾಮಿ ಬಂದವ್ರೆ ಕಣ್ರೇ, ಕೀ ಕೊಟ್ಟೋರು!” ಎಂದು ಎಲ್ಲರನ್ನೂ ಎಬ್ಬಿಸಿದರು. ನನಗೆ ಅರ್ಥವಾಗಲಿಲ್ಲ. “ಯಾವ ಕೀ?” ಎಂದೆ.

“ಅದೇ ಸಾಮಿ, ಹೋದ್ ವರ್ಷ. ನಾವ್ ಬೆಳಿಗ್ಗೆ ಬರೋ ಹೊತ್ಗೆ ಬಾಗ್ಲು ತೆಗ್ದಿತ್ತು. ಕಂಟ್ರೋಲರಪ್ಪ ಇಲ್ಲೇ ಬೆವರು ಒರೆಸ್ಕೊಂತ ಕೂತಿದ್ರು. ‘ಸೆಕ್ರೆಟ್ರಿ ಕೀ ಕೊಟ್ಟು ಕಳ್ಸವ್ರೆ ಕಣಮ್ಮ, ಬೀಗ ಕೆಟ್ಟೋಗಿತ್ತು, ಹೊಸಾದೂ ಅವರೇ ಕೊಡ್ಸವ್ರೆ’ ಅಂದ್ರು. ನಿಮ್ ಹೆಸ್ರು ಹೇಳ್ಕೊಂಡೇ ನಾವಿಲ್ಲಿ ಕೂತಿರೋದು.” ಸೊಂಟದಿಂದ ಒಂದು ಪುಟ್ಟ ಹೊಳೆಯುವ ಕೀ ತೆಗೆದು ತೋರಿಸಿದರು. ನನ್ನ ಜೇಬಿನಲ್ಲಿದ್ದದ್ದು ಬೇರೆ, ಉದ್ದನೆಯದು.

“ಅಲ್ಲಮ್ಮಾ, ಅದು ಹಾಗಲ್ಲ” ಎಂದು ಶುರುಮಾಡಿದೆ. ಆದರೆ ಅಷ್ಟರಲ್ಲಿ ಯಾರೋ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಯಾರೋ ನೀರು ತಂದರು. ನರಸಕ್ಕ ಮೂಟೆಗಳ ಹಿಂದಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದು, ಅದರೊಳಗಿನ ಶಾಲನ್ನು ಮಡಿಕೆ ಬಿಚ್ಚಿ ಕೊಡವಿದರು. ನಮ್ಮ ಕ್ಲಬ್ಬಿನ ಶಾಲು. “ನೀವ್ ಯಾವತ್ತಾದ್ರೂ ಬಂದ್ರೆ ಹೊದಿಸ್ಬೇಕು ಅಂತ ಇಟ್ಟಿದ್ದೆ ಸಾಮಿ” ಎಂದು ನನ್ನ ಹೆಗಲಿಗೆ ಹಾಕಿದರು. ಇನ್ನೊಬ್ಬರು ಹುಣಸೆಯ ಒಂದು ಉಂಡೆಯನ್ನು ಪೇಪರಿನಲ್ಲಿ ಕಟ್ಟಿ ಕೈಗಿಟ್ಟರು. ಹನ್ನೊಂದೂ ಜನ ಚಪ್ಪಾಳೆ ತಟ್ಟಿದರು, ಮುದುಕನೂ ತಟ್ಟಿದ.

“ಒಂದು ಮಾತು ಹೇಳಬೇಕಿತ್ತು” ಎಂದೆ.

“ಹೇಳುವ್ರಂತೆ ಸಾಮಿ, ಮೊದ್ಲು ನೀರ್ ಕುಡೀರಿ” ಎಂದರು ನರಸಕ್ಕ. ನಾನು ನೀರು ಕುಡಿದು ಲೋಟ ಇಡುವಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಎಲ್ಲರೂ ಒಟ್ಟಿಗೆ ಎದ್ದರು. “ಮಧುಗಿರಿ ಗಾಡಿ! ಏಳಿ ಸಾಮಿ, ಇದು ಬುಟ್ರೆ ಸಂಜೆವರ್ಗೂ ಗಾಡಿ ಇಲ್ಲ” ಎಂದು ನನ್ನ ತೋಳು ಹಿಡಿದು ಬಸ್ಸಿನವರೆಗೆ ಓಡಿಸಿಕೊಂಡು ಬಂದು ಹತ್ತಿಸಿದರು. ಇಳಿದುಬಿಡಬಹುದಿತ್ತು, ಸಂಜೆವರೆಗೆ ಕೂರಬಹುದಿತ್ತು. ಅವರ ಮುಖಗಳನ್ನು ನೋಡಿ, ಆ ಮನುಷ್ಯ ಅಂಗೈಗೆ ಗುಳ್ಳೆ ಎಬ್ಬಿಸಿಕೊಂಡು ಬೀಗ ಕೊಯ್ದು ಕಟ್ಟಿಟ್ಟ ಸುಳ್ಳನ್ನು ಒಡೆಯುವ ಧೈರ್ಯ ನನಗೆ ಬರಲಿಲ್ಲ. ಬಸ್ಸು ಹೊರಟಿತು.

ಕಂಡಕ್ಟರು ನನ್ನ ಶಾಲನ್ನು ನೋಡಿ ನಕ್ಕ. “ಏನ್ ಸಾರ್, ಸನ್ಮಾನಾನಾ?”

ಚಿಲ್ಲರೆಗೆಂದು ಜೇಬಿಗೆ ಕೈ ಹಾಕಿದೆ. ಕೀ ಸಿಕ್ಕಿತು. “ಹೂಂ” ಎಂದೆ.